ದವಡೆಗೆ ದಾರ ಹಿಡಿದವರು

ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಹೋದ ವಾರ ಫೋನು ಮಾಡಿದ್ದರು. ಅದೂ ಇದೂ ಮಾತಾಡಿ ಕೊನೆಗೆ ನಗುತ್ತಾ, "ಅಂದಂಗೆ ಗೊತ್ತಾಯ್ತೇನ್ರೀ, ತರೀಕೆರೇಲಿ ಇದ್ರಲ್ಲ, ಹಲ್ಲು ಕೀಳದ ಡಾಕ್ಟ್ರು, ಅವ್ರು ಹೋಗ್ಬಿಟ್ರಂತೆ. ಮೈಸೂರಲ್ಲಿ, ಮಗಳ ಮನೇಲಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸಾವಿನ ಸುದ್ದಿಯನ್ನು ಯಾರಾದರೂ ನಗುತ್ತಾ ಹೇಳುತ್ತಾರೆಯೇ? "ಕೀಳಬೇಕಾದ್ದನ್ನ ಅವ್ರು ಕಿತ್ತಿದ್ದಾರೆ ಸಾರ್. ನಿಮ್ಮವೇ ಎರಡು ಕಿತ್ತಿದ್ರು, ಮರೆತ್ರಾ?" ಎಂದು ಫೋನು ಇಟ್ಟೆ. ಇಟ್ಟ ಮೇಲೆ ಅಳು ಬಂತು. ನನ್ನ ಯಜಮಾನರು ಪೇಪರಿನಿಂದ ತಲೆಯೆತ್ತಿ, "ಯಾರು ಹೋಗಿದ್ದು?" ಎಂದು ಕೇಳಿದರು. ನಮ್ಮ ಡಾಕ್ಟರು ಅಂದೆ. ಯಾವ ಡಾಕ್ಟರು ಎಂದು ಅವರು ಮತ್ತೆ ಕೇಳಲಿಲ್ಲ.

ಆದರೆ ಆ ಅಡ್ಡಹೆಸರು ಮೇಷ್ಟ್ರು ಕಟ್ಟಿದ್ದಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಸೋಮವಾರ ಕಡೂರು, ಗುರುವಾರ ಅಜ್ಜಂಪುರ, ಉಳಿದ ದಿನ ತರೀಕೆರೆ. ಮೂರು ಊರಿನಲ್ಲೂ ಒಂದೊಂದು ಬಾಡಿಗೆ ಕೋಣೆ, ಒಂದೊಂದು ಹಳೆಯ ಕುರ್ಚಿ. ಕಡೂರಿನ ಕುರ್ಚಿ ಕ್ಷೌರದಂಗಡಿಯದ್ದು, ಅದರ ತಲೆದಿಂಬಿಗೆ ಅವರೇ ಹೊಸ ರೆಕ್ಸಿನ್ ಹಾಕಿಸಿದ್ದರು. ಸಣಕಲು ಆಳು, ಅರ್ಧ ತೋಳಿನ ಬಿಳಿ ಅಂಗಿ, ಕೈಯಲ್ಲಿ ಸದಾ ಲವಂಗದೆಣ್ಣೆಯ ವಾಸನೆ. ಮಾತು ಬಹಳ ಕಮ್ಮಿ. ಏನಾದರೂ ಕೇಳಿದರೆ, "ಹೇಳಿದಷ್ಟು ಮಾಡ್ರೀ" ಎಂದು ಮುಖ ಗಂಟಿಕ್ಕುವರು. ನಾನೂ ಮೊದಮೊದಲು ಅವರನ್ನು ಸಿಡುಕು ಮುದುಕ ಎಂದೇ ಬೈದುಕೊಂಡಿದ್ದೆ. ಆಗ ಅವರಿಗೆ ನಲವತ್ತೈದೂ ಆಗಿರಲಿಲ್ಲ, ಹದಿನಾರರ ಹುಡುಗಿಯ ಲೆಕ್ಕಕ್ಕೆ ಅದೇ ಮುದಿತನ.

ಜನ ಅವರ ಹತ್ತಿರ ಬರುತ್ತಿದ್ದದ್ದೇ ಹಲ್ಲು ಕೀಳಿಸಿಕೊಳ್ಳುವುದಕ್ಕೆ. ಸಂತೆಯಲ್ಲಿ ಕೆಂಪು ಬಟ್ಟೆಯ ಮೇಲೆ ಕಿತ್ತ ಹಲ್ಲುಗಳನ್ನು ಗುಡ್ಡೆ ಹಾಕಿಕೊಂಡು ಒಬ್ಬ ಕೂರುತ್ತಿದ್ದ. ಅವನು ಒಂದು ನಿಮಿಷದಲ್ಲಿ ಕಿತ್ತು ಕೈಗೆ ಕೊಡುವನು. ಇವರು ಅರ್ಧ ಗಂಟೆ ಕುಟ್ಟಿ, ಒತ್ತಿ, ಬಿಸಿ ಮುಟ್ಟಿಸಿ, ತಣ್ಣಗೆ ಮುಟ್ಟಿಸಿ, ಕೊನೆಗೆ, "ಹಲ್ಲಿಗೆ ಜೀವ ಇದೆ. ಹೋಗು" ಎನ್ನುವರು. ಒಂದು ಸಲ ತರೀಕೆರೆಯಲ್ಲಿ ನಾನೇ ಕಂಡದ್ದು, ಲಿಂಗದಹಳ್ಳಿಯ ಕಡೆಯ ಒಬ್ಬ ಗೌಡರು ಕುರ್ಚಿಯಿಂದ ಇಳಿಯಲೇ ಒಲ್ಲೆ ಎಂದು ಕೂತುಬಿಟ್ಟರು. "ಅಲ್ಲ ಸ್ವಾಮಿ, ಹಲ್ಲು ಕೀಳಿಸ್ಕಂಡು ಬತ್ತೀನಿ ಅಂತ ಊರಿಗೆಲ್ಲ ಹೇಳಿ ಬಂದಿವ್ನಿ. ಈಗ ಬಾಯ್ತುಂಬ ಹಲ್ಲಿಟ್ಕಂಡು ಹೆಂಗೆ ವಾಪಸ್ ಹೋಗ್ಲಿ?" ಎಂದರು. ಡಾಕ್ಟರು, "ನಗ್ತಾ ಹೋಗಿ, ಎಲ್ಲಾ ಕಾಣುತ್ತೆ" ಎಂದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅಷ್ಟೇ.

ಅವರ ನಿಜವಾದ ಹುಚ್ಚು ಹಲ್ಲಲ್ಲ, ಹಲ್ಲು ನೆಟ್ಟುಕೊಂಡಿರುವ ಮೂಳೆ. ಬಾಯಿ ತೆಗೆಸುವ ಮೊದಲು ರೋಗಿಯ ಬೆನ್ನ ಹಿಂದೆ ನಿಂತು, ಎರಡು ಕೈಯ ಬೆರಳುಗಳಿಂದ ಎರಡೂ ಕಡೆಯ ದವಡೆಯನ್ನು ಕಿವಿಯಿಂದ ಗದ್ದದ ತನಕ ಸವರುತ್ತಾ ಬರುವರು. ಆಗ ಕಣ್ಣು ಮುಚ್ಚಿಕೊಳ್ಳುವರು. ಕಣ್ಣು ತೆಗೆದಿದ್ದರೆ ಬೆರಳಿಗೆ ಗಮನ ಇರುವುದಿಲ್ಲ ಎನ್ನುವುದು ಅವರ ನಂಬಿಕೆ. ದವಡೆಯೊಳಗೆ ನೂರು ಥರದ ಗಂಟು, ಗುಳಿ, ಊತ ಬರುತ್ತವಂತೆ. ಎಷ್ಟೋ ಏನೂ ಮಾಡದೆ ಸುಮ್ಮನೆ ಇರುತ್ತವೆ, ಅಪರೂಪಕ್ಕೊಂದು ಪ್ರಾಣ ತೆಗೆಯುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಪ್ಪಗೆ ಕಾಣಬಹುದು. ಯಾವುದನ್ನು ಮುಟ್ಟಬಾರದು ಎಂದು ಕಂಡುಹಿಡಿಯುವುದೇ ಅವರಿಗೆ ದೊಡ್ಡ ಕೆಲಸ. ಏನೂ ಮಾಡದೆ ಕಳಿಸುವ ಡಾಕ್ಟರಿಗೆ ನಮ್ಮ ಜನ ಮರ್ಯಾದೆ ಕೊಡುತ್ತಾರೆಯೇ?

ಕಡೂರಿನ ಕೋಣೆಯಲ್ಲಿ ನನ್ನ ಸರದಿಗೆ ಕಾಯುತ್ತಾ ಕೂತಿದ್ದಾಗ ನಡೆದ ಒಂದು ಸಂಗತಿ. ನಲವತ್ತು ದಾಟಿದ ಒಬ್ಬ ಹೆಂಗಸು ಎಕ್ಸ್‌ರೇ ಹಿಡಿದು ಬಂದಿದ್ದಳು. ಕೆಳಗಿನ ಮುಂದಿನ ನಾಲ್ಕು ಹಲ್ಲುಗಳ ಬುಡದಲ್ಲಿ ದುಂಡಗೆ ಕಪ್ಪು ಕಲೆ. ಬೇರೆ ಊರಿನ ಡಾಕ್ಟರು ಕೀವು ಕಟ್ಟಿದೆ, ನಾಲ್ಕನ್ನೂ ತೆಗೆಯಬೇಕು ಎಂದಿದ್ದರಂತೆ. ಇವರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದರು. ಆಮೇಲೆ ಕಿಟಕಿಯಿಂದ ಬಗ್ಗಿ ಬಸ್‌ಸ್ಟ್ಯಾಂಡಿನ ಮುಂದೆ ನಿಂತಿದ್ದ ಐಸ್‌ಕ್ಯಾಂಡಿ ಗಾಡಿಯವನನ್ನು ಕರೆದರು. ಒಂದು ಕೆಂಪು ಐಸ್‌ಕ್ಯಾಂಡಿ ತರಿಸಿ ಅವಳ ನಾಲ್ಕು ಹಲ್ಲಿಗೂ ಒಂದೊಂದಾಗಿ ಮುಟ್ಟಿಸಿದರು. ಪ್ರತಿ ಸಲವೂ ಅವಳು, "ಅಯ್ಯಯ್ಯಪ್ಪಾ!" ಎಂದು ಕುರ್ಚಿಯಿಂದ ಹಾರಿದಳು. "ಬುಡ ಕೊಳೆತು ಸತ್ತ ಹಲ್ಲಿಗೆ ಚಳಿ ಆಗುತ್ತೇನ್ರೀ? ಕಪ್ಪಗಿರೋದು ಕೀವಲ್ಲ, ಮೂಳೆ ತಾನೇ ಬದಲಾಗ್ತಿದೆ. ಹಂಗೇ ಇರ್ಲಿ ಬಿಡಿ" ಎಂದರು. ಅವಳು ಆ ಐಸ್‌ಕ್ಯಾಂಡಿಯನ್ನು ಚೀಪುತ್ತಲೇ ಮೆಟ್ಟಿಲಿಳಿದು ಹೋದಳು. ನಾನು ನಗಬೇಕಿತ್ತು, ನಗು ಬರಲಿಲ್ಲ. ನನ್ನ ದವಡೆಯೊಳಗಿದ್ದದ್ದು ಏನೆಂದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.

ನಮ್ಮದು ಸಿಂಗಟಗೆರೆಯ ಹತ್ತಿರ. ಅಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು, ಅವ್ವ ಓದು ಬರದವಳು. ಹದಿನೈದರ ಸುಮಾರಿಗೆ ನನ್ನ ಎಡಗಡೆಯ ಕೆಳದವಡೆ ನಿಧಾನವಾಗಿ ಉಬ್ಬತೊಡಗಿತು. ನೋವಿಲ್ಲ, ಜ್ವರವಿಲ್ಲ. ಬಾಯಲ್ಲಿ ಯಾವಾಗಲೂ ಒಂದು ಬೆಲ್ಲದುಂಡೆ ಇಟ್ಟುಕೊಂಡಂತೆ ಕಾಣುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಅದು ಇಡೀ ಬೀದಿಗೆ ಕಾಣುವಷ್ಟಾಯಿತು. ದೊಡ್ಡ ಊರಿನ ಡಾಕ್ಟರೊಬ್ಬರು ಎಕ್ಸ್‌ರೇ ತೆಗೆಸಿ ನೋಡಿ, "ಇದು ಕೆಟ್ಟ ಗಡ್ಡೆ ಇರಬಹುದು, ಅರ್ಧ ದವಡೆ ತೆಗೀಬೇಕಾಗುತ್ತೆ" ಎಂದು ನನ್ನೆದುರಿಗೇ ಹೇಳಿದರು. ನಾನು ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಿದ್ದೆ. ಕಡೂರು ಸಂತೆಯಲ್ಲಿ ದವಡೆ ತೆಗೆಸಿಕೊಂಡ ಒಬ್ಬ ಮನುಷ್ಯನನ್ನು ಕಂಡಿದ್ದೆ, ಸದಾ ಬಾಯಿಗೆ ಟವೆಲ್ ಒತ್ತಿಕೊಂಡಿರುವನು, ಅವನ ಮಾತು ಅವನ ಹೆಂಡತಿಗೆ ಬಿಟ್ಟು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಬಾಯೇ ಇಲ್ಲದ ಮೇಲೆ ಪಾಠ ಮಾಡುವುದು ಎಲ್ಲಿಂದ ಬಂತು? ಸಾಯುವುದಕ್ಕಿಂತ ನನಗೆ ಆ ಟವೆಲ್ಲಿನ ಭಯವೇ ಹೆಚ್ಚಾಗಿತ್ತು.

ಯಾರೋ ಹೇಳಿದರೆಂದು ಅಪ್ಪ, ಅವ್ವ ನನ್ನನ್ನು ಕಡೂರಿನ ಕೋಣೆಗೆ ಕರೆದುಕೊಂಡು ಬಂದರು. ಐಸ್‌ಕ್ಯಾಂಡಿಯ ಹೆಂಗಸು ಹೋದಮೇಲೆ ನಾನು ಕೂತೆ. ಡಾಕ್ಟರು ಹಿಂದೆ ನಿಂತು ಸವರಿದರು. ಹತ್ತಿಯ ಎಳೆಯೊಂದನ್ನು ನನ್ನ ಕೆಳತುಟಿಗೆ ತಾಗಿಸಿ, "ಈಗ ಎಲ್ಲಿ ಮುಟ್ಟಿದೆ? ಈಗ?" ಎಂದು ಕೇಳಿದರು. ತುಟಿಗೆ ಸ್ಪರ್ಶ ಸರಿಯಾಗಿ ಗೊತ್ತಾಗುತ್ತಿತ್ತು. ಹಲ್ಲೊಂದೊಂದನ್ನೂ ಅಲ್ಲಾಡಿಸಿದರು, ಯಾವುದೂ ಅಲ್ಲಾಡಲಿಲ್ಲ. ಎಕ್ಸ್‌ರೇಯನ್ನು ಎಷ್ಟು ಹೊತ್ತು ನೋಡಿದರೆಂದರೆ ಅಪ್ಪ ಎರಡು ಸಲ ಕೆಮ್ಮಿದರು. ಆಮೇಲೆ, "ಇದು ಕೆಟ್ಟದ್ದಲ್ಲ ಅನ್ಸುತ್ತೆ. ಫೈಬ್ರಸ್ ಡಿಸ್‌ಪ್ಲೇಸಿಯಾ" ಎಂದರು. ಮೂಳೆಯ ಜಾಗದಲ್ಲಿ ನಾರಿನಂಥದ್ದು ಬೆಳೆಯುವ ರೋಗವಂತೆ. ಆ ಹೆಸರು ಕೇಳಿಯೇ ಅವ್ವ ಅರ್ಧ ಸತ್ತಳು. ಅವರು ಸೂಜಿ ಕೊಟ್ಟು, ಒಳಗಿನಿಂದ ಅಕ್ಕಿಕಾಳಿನಷ್ಟು ಮೂಳೆ ತೆಗೆದು ಒಂದು ಕಾಲೇಜಿಗೆ ಕಳಿಸಿದರು. ಮೂರು ವಾರದ ಮೇಲೆ ಉತ್ತರ ಬಂತು. ಒಳ್ಳೆಯ ಗಡ್ಡೆಯೇ ಇರಬೇಕು, ಆದರೆ ತುಣುಕು ಸಣ್ಣದು, ಖಚಿತವಾಗಿ ಹೇಳಲಾಗದು, ಬೇಗ ಬೆಳೆಯುತ್ತಿದ್ದರೆ ತಡಮಾಡದೆ ತೆಗೆಸಿ ಎಂದಿತ್ತು. ಅಂದರೆ ಇನ್ನು ಎಲ್ಲವೂ ನಿಂತದ್ದು ಒಂದೇ ಮಾತಿನ ಮೇಲೆ, ಅದು ಬೆಳೆಯುತ್ತಿದೆಯೋ ಇಲ್ಲವೋ.

ಅದನ್ನು ತಿಳಿಯುವುದಕ್ಕೆ ಅವರು ಒಂದು ದಾರ ತೆಗೆದರು. ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಾರಲ್ಲ, ಅಂಥ ನೂಲಿನ ದಾರ. ಎಡಗಿವಿಯ ಬುಡಕ್ಕೆ ಹಿಡಿದು ಒಂದು ಗಂಟು, ಊತದ ಮೇಲೆ ಹಾಯಿಸಿ ಗದ್ದದ ನಡುವೆ ಎರಡನೆಯ ಗಂಟು, ಅಲ್ಲಿಂದ ಬಲಗಿವಿಯ ಬುಡಕ್ಕೆ ಮೂರನೆಯ ಗಂಟು. ಗಂಟು ಹಾಕುವಾಗ ಎಂದಿನಂತೆ ಕಣ್ಣು ಮುಚ್ಚಿದ್ದರು. ಕತ್ತರಿಸಿ ಅವ್ವನ ಕೈಗೆ ಕೊಟ್ಟು, "ಜೋಪಾನವಾಗಿ ಇಟ್ಕೊಳಮ್ಮ. ಆರು ತಿಂಗಳು ಬಿಟ್ಟು ಬರುವಾಗ ಮರೀದೆ ತಗೊಂಡ್ಬಾ" ಎಂದರು. ಅಷ್ಟೇ. ದವಡೆ ಊದಿದ ಎಲ್ಲಾ ರೋಗಿಗಳಿಗೂ ಅವರು ಹಾಗೆಯೇ ದಾರ ಕೊಡುತ್ತಿದ್ದರು. ಮೂರು ಊರಿನಲ್ಲಿ ಯಾರು ಎಲ್ಲಿ ಸಿಗುತ್ತಾರೋ, ಅವತ್ತು ತಮ್ಮ ಪುಸ್ತಕ ಇನ್ನೊಂದು ಊರಿನಲ್ಲಿ ಉಳಿದಿರುತ್ತದೆ, ಅಳತೆ ದವಡೆಯ ಜೊತೆಗೇ ಇದ್ದರೆ ತೊಂದರೆಯಿಲ್ಲ ಎಂಬುದು ಅವರ ಲೆಕ್ಕಾಚಾರ. ಇದನ್ನು ಅವರು ಬಾಯಿಬಿಟ್ಟು ಹೇಳಿದ್ದು ಬಹಳ ತಡವಾಗಿ.

ಆರು ತಿಂಗಳಾದ ಮೇಲೆ ಒಂದು ಸೋಮವಾರ ಹೋದೆವು. ಅವ್ವ ಕಾಗದದ ಮಡಿಕೆಯಿಂದ ದಾರ ತೆಗೆದುಕೊಟ್ಟಳು. ಮೊದಲ ಗಂಟನ್ನು ಕಿವಿಯ ಬುಡಕ್ಕೆ ಹಿಡಿದು ಎಳೆದರು. ಎರಡನೆಯ ಗಂಟು ಗದ್ದದ ನಡುವಿಗೆ ಬರಲಿಲ್ಲ, ಅರ್ಧ ಬೆರಳಗಲದಷ್ಟು ಈಚೆಗೇ ನಿಂತಿತು. ಮತ್ತೊಮ್ಮೆ ಹಿಡಿದರು. ಮೂರನೆಯ ಸಲವೂ ಹಾಗೇ ಆಯಿತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, "ಬೆಳೆದಿದೆ. ನಾನು ಅಂದ್ಕೊಂಡಂಗಿಲ್ಲ. ಕಾಯೋದು ಬೇಡ" ಎಂದರು. ಬೆಂಗಳೂರಿನ ಒಂದು ಆಸ್ಪತ್ರೆಗೆ ತಾವೇ ಬರೆದರು. ಇಂಥ ದಿನ ಬನ್ನಿ, ಹಾಸಿಗೆ ಕೊಡುತ್ತೇವೆ, ಎಡಗಡೆಯ ಅರ್ಧ ದವಡೆ ತೆಗೆಯುತ್ತೇವೆ ಎಂದು ಅಲ್ಲಿಂದ ಬರೆದರು. ಅದೇ ವಾರ ಟ್ರೇನಿಂಗಿಗೆ ಸೀಟು ಸಿಕ್ಕಿದ ಕಾಗದವೂ ಬಂತು. ಅಪ್ಪ ಅದನ್ನು ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಹೊರಡುವ ದಿನ ಟ್ರಂಕು ಹಿಡಿದು ಮಧ್ಯಾಹ್ನಕ್ಕೆ ಕಡೂರಿಗೆ ಬಂದೆವು. ಮೂರು ಗಂಟೆಯ ಮೇಲೆ ರೈಲು. ಡಾಕ್ಟರ ಹತ್ತಿರ ಎಕ್ಸ್‌ರೇ ಮತ್ತು ಅವರು ಬರೆದಿಟ್ಟ ಕಾಗದ ತೆಗೆದುಕೊಂಡು ಸ್ಟೇಷನ್ನಿಗೆ ಹೋಗುವುದೆಂದು ಮಾತಾಗಿತ್ತು. ಅವರ ಮುಖ ಬತ್ತಿಹೋಗಿತ್ತು. "ಕಾಗದದಲ್ಲಿ ಅಳತೆ ಬರೀತೀನಿ, ದಾರ ಕೊಡಮ್ಮ" ಎಂದರು. ಎಡಗಡೆ ಹಿಡಿದು ಬರೆದುಕೊಂಡರು. "ಬಲಗಡೆಯದ್ದೂ ಬರೆದ್ಬಿಡೋಣ, ಕೇಳ್ತಾರೆ" ಎಂದು ನಡುವಿನ ಗಂಟನ್ನು ಗದ್ದಕ್ಕಿಟ್ಟು ಬಲಗಿವಿಯ ಕಡೆಗೆ ಎಳೆದರು. ಆ ಗಂಟೂ ಕಿವಿಗೆ ಮುಟ್ಟಲಿಲ್ಲ. ಅದೂ ಹೆಚ್ಚುಕಮ್ಮಿ ಅಷ್ಟೇ ಗಿಡ್ಡ.

ಅವರು ಬಗ್ಗಿದವರು ಹಾಗೇ ನಿಂತುಬಿಟ್ಟರು. "ಬಲಗಡೆ ದವಡೆಗೇನಾಗಿದೆ ಧಾಡಿ!" ಎಂದು ತಮಗೆ ತಾವೇ ಹೇಳಿಕೊಂಡರು. ನನ್ನ ಬಲದವಡೆ ಎಲ್ಲರ ದವಡೆಯಂತೆ ಚೆನ್ನಾಗಿಯೇ ಇತ್ತು. ಅವರು ದಾರವನ್ನು ಕಿಟಕಿಯ ಹತ್ತಿರ ಒಯ್ದರು, ತಿಕ್ಕಿ ನೋಡಿದರು, ಮೂಸಿ ನೋಡಿದರು. ಅವ್ವನ ಕಡೆ ತಿರುಗಿ, "ಏನಮ್ಮಾ, ಇದಕ್ಕೇನು ಮಾಡಿದ್ದೀಯ?" ಎಂದರು.

ಅವ್ವನಿಗೆ ಆ ಪ್ರಶ್ನೆಯಿಂದ ಸಂತೋಷವೇ ಆಯಿತು, ಪಾಪ. "ಮೈಲಿಗೆ ಆಗದಂಗೆ ನೋಡ್ಕಂಡಿವ್ನಿ ಬುದ್ದೀ. ಮಗೀಗೆ ರಟ್ಟೆಗೆ ಕಟ್ಟಿದ್ದೆ. ಸೋಮವಾರ ಸೋಮವಾರ ಬಿಚ್ಚಿ, ಅರಿಶಿನದ ನೀರಲ್ಲಿ ನೆನೆಹಾಕಿ, ಒಣಗ್ಸಿ, ಪೂಜೆ ಮಾಡಿ ಕಟ್ಟೋದು. ಅಂತರಘಟ್ಟೆಗೂ ಹೋಗಿ ಅಮ್ಮನ ಪಾದಕ್ಕಿಟ್ಕಂಡ್ ಬಂದೆ. ನೀವು ಕಣ್ಮುಚ್ಚಿ ಮೂರು ಗಂಟು ಹಾಕಿ ಕೊಟ್ಟ ದಾರ ಅಲ್ವ್ರಾ" ಎಂದಳು.

ಕೋಣೆಯಲ್ಲಿ ಕಾಯುತ್ತಿದ್ದವರೆಲ್ಲ ತಲೆದೂಗಿದರು. ಅವರ್ಯಾರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಕಣ್ಣು ಮುಚ್ಚಿ ಗಂಟು ಹಾಕಿ ಕೈಗೆ ಕೊಟ್ಟ ದಾರವನ್ನು ನಮ್ಮ ಕಡೆ ಇನ್ನೇನು ಮಾಡುತ್ತಾರೆ? ಅದು ಅಳತೆಯ ದಾರ ಎಂದು ನನಗೆ ಗೊತ್ತಿತ್ತು. ಓದಿದವಳು ನಾನು, ಹೇಳಬಹುದಿತ್ತು. ಆದರೆ ನೂಲು ನೆನೆದರೆ ಕುಗ್ಗುತ್ತದೆ ಎನ್ನುವುದು ತಲೆಗೆ ಹೊಳೆಯಲೇ ಇಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಅವ್ವ ಅದನ್ನು ರಟ್ಟೆಗೆ ಕಟ್ಟುವಾಗ ನನಗೂ ಒಳಗೊಳಗೇ ಒಂದು ಆಸೆ ಇತ್ತು, ಅದಕ್ಕೇ ಸುಮ್ಮನಿದ್ದೆ.

ಡಾಕ್ಟರು ಅಪ್ಪನನ್ನು ಕೆಳಗಿನ ಅಂಗಡಿಗೆ ಕಳಿಸಿ ಒಂದು ಪೊಟ್ಟಣ ಅರಿಶಿನ ತರಿಸಿದರು. ಅದೇ ಉಂಡೆಯಿಂದ ಹೊಸ ದಾರ ಬಿಚ್ಚಿ, ಮೇಜಿನ ಅಂಚಿಗೆ ಸರಿಯಾಗಿ ಎರಡು ಗಂಟು ಹಾಕಿದರು. ಸಲಕರಣೆ ತೊಳೆಯುವ ಬೇಸಿನ್ನಿನಲ್ಲಿ ಅರಿಶಿನ ಕದಡಿ ದಾರ ಮುಳುಗಿಸಿದರು. ಹಿಂಡಿ, ಬಿಸಿಲು ಬೀಳುವ ಕಿಟಕಿಯ ಸರಳಿಗೆ ಹಾಕಿದರು. ಹಲ್ಲುನೋವಿನವರೂ ನೋವು ಮರೆತು ಆ ಕಿಟಕಿಯನ್ನೇ ನೋಡುತ್ತಾ ಕೂತರು. ಅಪ್ಪನಿಗೆ ಮಾತ್ರ ಗಡಿಯಾರದ ಮೇಲೆ ಕಣ್ಣು. "ರೈಲು ಹೋದ್ರೆ ಹಾಸಿಗೆ ಹೋಯ್ತದೆ ಡಾಕ್ಟ್ರೇ. ಆ ಹಾಸಿಗೆ ಮತ್ತೆ ಯಾವಾಗ ಸಿಕ್ತದೋ ಏನೋ. ಬೆಳೀತಿದ್ರೆ ತಡ ಮಾಡ್ಬಾರದು ಅಂತ ನೀವೇ ಅಂದಿದ್ರಿ. ನಾವು ಹೊರಡ್ತೀವಿ" ಎಂದು ಎದ್ದು ಟ್ರಂಕಿಗೆ ಕೈ ಹಾಕಿದರು. "ಅರ್ಧ ಗಂಟೆ" ಎಂದರು ಡಾಕ್ಟರು. ಆ ದನಿಯಲ್ಲಿ ಸಿಡುಕಿರಲಿಲ್ಲ, ಬೇಡಿಕೊಳ್ಳುತ್ತಿದ್ದರು.

ದಾರ ಒಣಗಿದ ಮೇಲೆ ಮೇಜಿನ ಅಂಚಿಗೆ ಹಿಡಿದರು. ಒಂದೇ ಮುಳುಗಿಗೆ ಅಂಚಿಗಿಂತ ಬೆರಳಗಲ ಗಿಡ್ಡವಾಗಿತ್ತು. ಹಿಂದಿನ ಬೆಂಚಿನಿಂದ ಯಾರೋ, "ಅಯ್ಯೋ ಶಿವನೇ" ಎಂದರು. ಅವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹಣೆ ಹಣೆ ಬಡಿದುಕೊಂಡು, "ನನ್ನ ಕೈಯಾರೆ ನನ್ನ ಮಗಳ ದವಡೆ ಕುಯ್ಸಾಕೆ ಹೊಂಟಿದ್ನಲ್ಲಪ್ಪೋ! ನನ್ನ ಕೈ ಸೇದೋಗ!" ಎಂದು ನೆಲದ ಮೇಲೆ ಕುಸಿದಳು.

ಡಾಕ್ಟರು ಅವಳೆದುರು ಕುಕ್ಕರಗಾಲಿನಲ್ಲಿ ಕೂತರು. ಅಷ್ಟು ಜನರ ಮುಂದೆ ಒಬ್ಬ ಡಾಕ್ಟರು ಹಾಗೆ ನೆಲಕ್ಕೆ ಕೂತದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. "ನಿಂದೇನೂ ತಪ್ಪಿಲ್ಲ ಕಣಮ್ಮ. ಕೊಟ್ಟಿದ್ದನ್ನ ನೀನು ಜೋಪಾನ ಮಾಡ್ದೆ. ಯಾಕೆ ಕೊಟ್ಟೆ ಅಂತ ನಾನು ಒಂದು ಮಾತು ಹೇಳಿದ್ರೆ ಆಗ್ತಿತ್ತು, ಹೇಳ್ಲಿಲ್ಲ. ದಾರ ಹಳದಿ ಆಗಿದ್ದು ಹೋದ್ಸಲಾನೇ ಕಣ್ಣಿಗೆ ಬಿದ್ದಿತ್ತು. ಅಡುಗೆ ಮಾಡೋ ಕೈ ಅಂತ ಸುಮ್ನಾದೆ. ಬಲಗಡೆ ಅವತ್ತೇ ಅಳೀಬೇಕಿತ್ತು, ಅಳೀಲಿಲ್ಲ. ಮೂರೂ ತಪ್ಪು ನಂದೇ" ಎಂದರು. ಅವ್ವ ಅಳುವುದನ್ನು ನಿಲ್ಲಿಸಿ ಅವರನ್ನೇ ಸಮಾಧಾನ ಮಾಡತೊಡಗಿದಳು.

ಆಮೇಲೆ ಅವರು ಎದ್ದು ನನ್ನ ಮುಂದೆ ಬಂದರು. "ಏನ್ಮಾಡೋಣ? ನೀನು ಹೇಳು" ಎಂದರು. ಅಪ್ಪ, "ಅವಳನ್ನೇನು ಕೇಳ್ತೀರಿ, ಮಗು ಅದು" ಎಂದರು. "ದವಡೆ ಅವಳದ್ದು" ಎಂದರು ಡಾಕ್ಟರು. ಅಲ್ಲಿಯ ತನಕ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೊದಲ ಬಾರಿಗೆ ನನಗೆ ತೋರಿಸಿದರು. "ನೋಡು, ರಾಗಿಹಿಟ್ಟು ಜರಡಿ ಹಿಡಿದಂಗೆ ಸಣ್ಣಗೆ, ಒಂದೇ ಸಮ ಕಾಣ್ತಿದೆಯಲ್ಲ. ಕೆಟ್ಟ ಗಡ್ಡೆ ಆದ್ರೆ ಮೂಳೇನ ತಿಂದು ತೂತು ಮಾಡಿರುತ್ತೆ. ಇದು ತಿಂದಿಲ್ಲ, ಒಳ್ಳೆ ಮೂಳೆಯೊಳಗೇ ಬೆರೆತುಹೋಗಿದೆ. ತುಟಿ ಮರಗಟ್ಟಿಲ್ಲ, ಹಲ್ಲು ಸಡಿಲ ಆಗಿಲ್ಲ. ಎರಡೂ ಕಡೆ ದಾರ ಒಂದೇ ಸಮ ಕುಗ್ಗಿದೆ ಅಂದ್ರೆ ಊತ ಬೆಳೆದಿಲ್ಲ ಅಂತ ಅರ್ಥ. ನೀನು ಬೆಳೆಯೋದು ನಿಂತಾಗ ಇದೂ ನಿಲ್ಲುತ್ತೆ ಅಂತ ನನ್ನ ನಂಬಿಕೆ. ಆದ್ರೆ ನಾನು ಹೇಳಿದ್ದೆಲ್ಲ ಸರಿ ಅಂತ ತಿಳ್ಕೋಬೇಡ. ಇವತ್ತೇ ತಪ್ಪಿದ್ದೀನಿ. ಕಾದ್ರೆ ಅಪಾಯ ಸ್ವಲ್ಪ ಇದ್ದೇ ಇದೆ."

ಬೇಡ ಎಂದು ಕಾದು, ಅದು ಕೆಟ್ಟದ್ದೇ ಆಗಿದ್ದರೆ ಸಾಯುವವಳು ನಾನು. ಹೂಂ ಎಂದು ಹೋದರೆ ಇವತ್ತಿನ ರೈಲು, ನಾಳೆ ಹಾಸಿಗೆ, ನಾಡಿದ್ದು ಆ ಟವೆಲ್ಲು. "ಕಾಯ್ತೀನಿ ಸಾರ್" ಎಂದೆ. ಬಾಯಿಂದ ದನಿ ಸರಿಯಾಗಿ ಹೊರಡಲಿಲ್ಲ. "ಗಟ್ಟಿಯಾಗಿ ಹೇಳು, ನಿಮ್ಮಪ್ಪಂಗೂ ಕೇಳ್ಲಿ" ಎಂದರು. ಇಡೀ ಕೋಣೆಗೆ ಕೇಳುವಂತೆ ಕಿರುಚಿದೆ. ರೈಲಿನ ಕೂಗು ಕೇಳಿಸಿದಾಗ ಅಪ್ಪ ಟ್ರಂಕಿನ ಮೇಲೆ ಕೂತು ಟ್ರೇನಿಂಗಿನ ಕಾಗದವನ್ನು ಜೇಬಿನಿಂದ ತೆಗೆದು ಮತ್ತೊಮ್ಮೆ ಓದುತ್ತಿದ್ದರು.

ಆ ದಿನದಿಂದ ಡಾಕ್ಟರು ದಾರ ಬಿಟ್ಟರು. ಹಾಲಿನಪುಡಿ ಡಬ್ಬದ ತೆಳು ತಗಡನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಅಂಚು ಮಟ್ಟ ಮಾಡಿ, ಅದನ್ನು ಕೆನ್ನೆಯ ಮೇಲೆ ಬಗ್ಗಿಸಿ ಗೀರು ಹಾಕಿ ಕೊಡುತ್ತಿದ್ದರು. "ಇದನ್ನ ಅರಿಶಿನದಲ್ಲಿ ಮುಳುಗ್ಸಿದ್ರೂ ಚಿಂತೆಯಿಲ್ಲ, ಬೇಕಾದ್ರೆ ಪೂಜೆ ಮಾಡ್ಕೋ" ಎಂದು ಅವ್ವನಿಗೆ ಹೇಳಿದರು. ಅವ್ವ ಮಾಡಿದಳು ಕೂಡ. ಇನ್ನೊಂದು ಬದಲಾವಣೆಯೆಂದರೆ ಮಾತು ಶುರುವಾದದ್ದು. ಅಯ್ಯೋ, ಆಮೇಲೆ ಅವರ ಬಾಯಿ ಕಟ್ಟುವುದೇ ಕಷ್ಟವಾಯಿತು! ಒಂದು ಹುಳುಕು ಹಲ್ಲಿಗೂ ಸ್ಲೇಟಿನ ಮೇಲೆ ಚಿತ್ರ ಬರೆದು ಬೇರು, ನರ, ಮೂಳೆ ಎಲ್ಲ ವಿವರಿಸುವರು. "ಅರ್ಥ ಆಯ್ತಾ? ಹಂಗಾದ್ರೆ ವಾಪಸ್ ನೀವು ನಂಗೆ ಹೇಳಿ" ಎನ್ನುವರು. "ಬಸ್ ಹೋಗ್ಬಿಡ್ತದೆ ಸ್ವಾಮಿ, ಬಿಟ್ಬಿಡಿ" ಎಂದು ಜನ ಗೋಗರೆಯುತ್ತಿದ್ದರು. ಹೇಳದೆ ಕಳಿಸಿದವರೆಲ್ಲ ಎಲ್ಲೋ ಏನೋ ಮಾಡಿಕೊಳ್ಳುತ್ತಿದ್ದಾರೆ ಎಂಬ ಭಯ ಅವರನ್ನು ಬಿಡಲಿಲ್ಲ. ಮೊದಲು ದಾರ ಕೊಟ್ಟಿದ್ದವರನ್ನೆಲ್ಲ ಪುಸ್ತಕದಲ್ಲಿ ಹುಡುಕಿ, ಊರೂರಿಗೆ ಹೋಗಿ ವಾಪಸ್ ಪಡೆದರೆಂದು ಆಮೇಲೆ ತಿಳಿಯಿತು. ಒಂದು ಮನೆಯಲ್ಲಿ ಅದು ಎಮ್ಮೆಯ ಕೊರಳಲ್ಲಿತ್ತಂತೆ.

ನಾನು ಟ್ರೇನಿಂಗ್ ಮುಗಿಸಿ ಅಜ್ಜಂಪುರದ ಕಡೆಯ ಶಾಲೆಗೆ ಸೇರಿದೆ. ಆರ್ಥಿಕವಾಗಿ ಸ್ವಂತ ಕಾಲ ಮೇಲೆ ನಿಂತ ಮೇಲೂ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅವರ ಕುರ್ಚಿಯಲ್ಲಿ ಕೂತೆ. ತಗಡಿನ ಗೀರು ಮೊದಲೆರಡು ವರ್ಷ ಕೂದಲೆಳೆಯಷ್ಟು ಸರಿಯಿತು, ಆಮೇಲೆ ನಿಂತಿತು. ಇಪ್ಪತ್ಮೂರನೆಯ ವಯಸ್ಸಿನಲ್ಲಿ ಒಂದು ಗುರುವಾರ ಅವರು ಮೂರು ಸಲ ಅಳೆದು, "ಮುಗೀತು. ಇನ್ನು ಬರಬೇಡ" ಎಂದರು. ಚೆಂದಕ್ಕೆ ಬೇಕಾದರೆ ಉಬ್ಬನ್ನು ಸ್ವಲ್ಪ ಕೆತ್ತಿಸಬಹುದು, ಬೇಕಾ ಎಂದು ಕೇಳಿದರು. ಬೇಡ ಅಂದೆ. ಆ ಮಾತು ಕೇಳುವುದಕ್ಕೆ ಏಳು ವರ್ಷ ಕಾದಿದ್ದೆ, ಕೇಳಿದ ಮೇಲೆ ಮನಸ್ಸು ಯಾಕೋ ಭಾರವಾಯಿತು. ಬರಬೇಡ ಅಂದರಲ್ಲ ಎಂದು ನಾನೂ ಹೋಗಲಿಲ್ಲ. ಪೆದ್ದಿ ನಾನು. ರೋಗವಿಲ್ಲದೆಯೂ ಮನುಷ್ಯರನ್ನು ನೋಡಲು ಹೋಗಬಹುದು ಎಂದು ಆಗ ತಿಳಿಯಲಿಲ್ಲ.

ಕೊನೆಗೆ ಕಂಡದ್ದು ಎಂಬತ್ತರ ದಶಕ ಮುಗಿಯುತ್ತಾ ಬಂದಾಗ, ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ. ಅವರು ಕೋಣೆಗಳನ್ನು ಮುಚ್ಚಿ ಮೈಸೂರಿಗೆ ಹೊರಡುವ ಸುದ್ದಿಯಿತ್ತು. ನಾನು ಮೀಟಿಂಗ್ ಮುಗಿಸಿ ಅಜ್ಜಂಪುರದ ಬಸ್ಸಿನಲ್ಲಿ ಕೂತಿದ್ದೆ. ಬಸ್ಸಿನಲ್ಲಿ ನಾನು ಯಾವಾಗಲೂ ಬಲಗಡೆಯ ಕಿಟಕಿಗೆ ಕೂರುವವಳು, ಹಾಗೆ ಕೂತರೆ ಹೊರಗಿನವರಿಗೆ ಕಾಣುವುದು ಬಲಗೆನ್ನೆ. ಅವತ್ತು ರಶ್ಶಿನಲ್ಲಿ ಎಡಗಡೆಯ ಕಿಟಕಿ ಸಿಕ್ಕಿತ್ತು, ಸೆರಗನ್ನು ಕೆನ್ನೆಗೆ ಎಳೆದುಕೊಂಡು ಕೂತಿದ್ದೆ. ಡಾಕ್ಟರು ಕೈಚೀಲದಲ್ಲಿ ಸೊಪ್ಪು ಹಿಡಿದು ಬಸ್ಸಿನ ಪಕ್ಕಕ್ಕೇ ಬಂದು ನಿಂತರು. ತಲೆಯೆಲ್ಲ ಬೆಳ್ಳಗಾಗಿತ್ತು. "ಸಾರ್!" ಎಂದು ಕೂಗಿದೆ, ಎಂಜಿನ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ತಲೆಯೆತ್ತಿ ನೋಡಿದರು. ಗುರುತು ಸಿಗಲಿಲ್ಲ. ಆ ವಯಸ್ಸಿನ ಟೀಚರಮ್ಮಂದಿರು ಎಷ್ಟು ಜನ!

ನಾನು ಸೆರಗು ಸರಿಸಿದೆ. ಮುಖವನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಎಡಗಡೆಯ ದವಡೆಯನ್ನು ಕಿಟಕಿಯಿಂದಾಚೆಗೆ, ಬಿಸಿಲಿಗೆ ಚಾಚಿ ಹಿಡಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೇನಾಯಿತೋ ಎಂದು ನೋಡುತ್ತಿದ್ದಳು. ಕೆಳಗಿನಿಂದ, "ಓ! ನಿಂತೇ ಇದೆ ಕಣೇ! ನಿಂತೇ ಇದೆ!" ಎಂದು ಅವರು ಕೂಗಿದ್ದು ಕೇಳಿಸಿತು. ಮದುವೆಯಾಗಿ ಐದು ವರ್ಷವಾಗಿದ್ದರೂ ಆ ಕೆನ್ನೆಯನ್ನು ನಾನಾಗಿ ಯಾರಿಗೂ ತಿರುಗಿಸಿ ತೋರಿಸಿದವಳಲ್ಲ. ಅವತ್ತು ತೋರಿಸಿದೆ, ಬಸ್ಸು ಹೊರಟು ತಿರುವು ದಾಟುವ ತನಕ.